ಎರಡು ಮಿಲಿಮೀಟರಿನ ತೂತು

ಅಮೆರಿಕದ ಬಹುಪಾಲು ಕಾರುಗಳಲ್ಲಿ ಚಾಲಕನ ಎಡಗಾಲಿಗೆ ಕೆಲಸವಿಲ್ಲ. ಕ್ಲಚ್ಚಿನ ಪೆಡಲೇ ಇರುವುದಿಲ್ಲ. ಗೇರ್ ಸನ್ನೆಯನ್ನು ಒಮ್ಮೆ ‘ಡಿ’ ಅಕ್ಷರದ ಎದುರಿಗೆ ತಂದು ನಿಲ್ಲಿಸಿ ಆಕ್ಸಿಲರೇಟರ್ ತುಳಿದರಾಯಿತು. ಒಂದು, ಎರಡು, ಮೂರು ಎಂದು ಗೇರುಗಳು ತಾವಾಗಿಯೇ ಬದಲಾಗುತ್ತ ಹೋಗುತ್ತವೆ. ಯಾವಾಗ ಬದಲಾದವು ಎಂಬುದು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿರುವ ಅಜ್ಜಿಗೆ ತಿಳಿಯಬಾರದು, ಕೈಯಲ್ಲಿರುವ ಲೋಟದ ಕಾಫಿ ತುಳುಕಬಾರದು. ಕಾರು ತಯಾರಿಸುವವರು ಇದನ್ನೇ ಗುರಿಯಾಗಿ ಇಟ್ಟುಕೊಂಡಿದ್ದರು.

ಆದರೆ ಅದೇ ಮನೆಯ ಮೊಮ್ಮಗನ ಬಯಕೆ ಬೇರೆ. ಗೇರು ಮೆಲ್ಲಗೆ ಜಾರಿಕೊಂಡು ಬೀಳುವುದು ಅವನಿಗೆ ಸೋಮಾರಿತನವಾಗಿ ಕಾಣುತ್ತದೆ. ‘ಟಕ್’ ಎಂದು ಬೀಳಬೇಕು, ಬೀಳುವಾಗ ಸೀಟು ಬೆನ್ನಿಗೆ ಗುದ್ದಬೇಕು. 1960 ಮತ್ತು 70ರ ದಶಕಗಳಲ್ಲಿ ಇಂಥ ತರುಣರಿಗಾಗಿಯೇ ಅಮೆರಿಕದ ಅಂಗಡಿಗಳಲ್ಲಿ ಪುಟ್ಟ ಪೊಟ್ಟಣಗಳು ಮಾರಾಟಕ್ಕೆ ಬಂದವು. ‘ಶಿಫ್ಟ್ ಕಿಟ್’ ಎಂಬ ಹೆಸರಿನ ಆ ಪೊಟ್ಟಣದೊಳಗೆ ಕೆಲವು ಸ್ಪ್ರಿಂಗುಗಳು, ಒಂದೆರಡು ಗ್ಯಾಸ್ಕೆಟ್ಟುಗಳು, ಒಂದೆರಡು ಡ್ರಿಲ್ ಬಿಟ್‌ಗಳು, ಎಲ್ಲಿ ಎಷ್ಟು ಕೊರೆಯಬೇಕೆಂದು ತಿಳಿಸುವ ಸೂಚನೆಯ ಹಾಳೆ ಇರುತ್ತಿದ್ದವು. ಇಷ್ಟರಿಂದಲೇ ಭಾರಿ ಕಾರೊಂದರ ನಡತೆ ಬದಲಾಗುತ್ತಿತ್ತು! ಅದು ಹೇಗೆ? ಉತ್ತರಕ್ಕೆ ಹೈಸ್ಕೂಲಿನ ಮತ್ತು ಪಿಯುಸಿಯ ಭೌತವಿಜ್ಞಾನ ಸಾಕು.

ಎಣ್ಣೆಯೇ ಯಜಮಾನ

ಗೇರುಗಳನ್ನು ತಾನಾಗಿಯೇ ಬದಲಿಸುವ ಪೆಟ್ಟಿಗೆ ಹೊಸದೇನಲ್ಲ. ಜನರಲ್ ಮೋಟರ್ಸ್ ಕಂಪನಿಯು ‘ಹೈಡ್ರಾ-ಮ್ಯಾಟಿಕ್’ ಎಂಬ ನಾಲ್ಕು ಗೇರುಗಳ ಪೆಟ್ಟಿಗೆಯನ್ನು 1939ರಲ್ಲಿ ಪ್ರಕಟಿಸಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಜನರಿಗೆ ಒದಗಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕೆಲವು ಟ್ಯಾಂಕುಗಳೂ ಇದೇ ಪೆಟ್ಟಿಗೆಯಿಂದ ಓಡಿದವು. ಅದೇ ಕಂಪನಿಯಿಂದ 1964ರಲ್ಲಿ ‘ಟರ್ಬೊ ಹೈಡ್ರಾ-ಮ್ಯಾಟಿಕ್ 400’, 1969ರಲ್ಲಿ ಅದರ ತಮ್ಮನಂಥ ‘350’ ಬಂದವು. ಶಿಫ್ಟ್ ಕಿಟ್ ಕೊಂಡವರಲ್ಲಿ ಅನೇಕರ ಕಾರಿನ ಹೊಟ್ಟೆಯಲ್ಲಿ ಇದ್ದದ್ದು ಇವೆರಡರಲ್ಲೊಂದು.

ಈ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಇಲ್ಲ, ವಿದ್ಯುತ್ತಿನ ಪಾತ್ರವೂ ಅತ್ಯಲ್ಪ. ಯೋಚಿಸುವ ಕೆಲಸ, ಮಾಡುವ ಕೆಲಸ ಎರಡೂ ಎಣ್ಣೆಯದೇ. ಎಂಜಿನ್ ತಿರುಗಿಸುವ ಪಂಪೊಂದು ಎಣ್ಣೆಗೆ ಒತ್ತಡ ಕೊಡುತ್ತದೆ. ಕಾರು ಹಾಯಾಗಿ ಓಡುವಾಗ ಆ ಒತ್ತಡ ಸುಮಾರು 4 ವಾಯುಮಂಡಲದಷ್ಟು. ಚಾಲಕ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ 10ರ ಆಸುಪಾಸಿಗೆ ಏರುತ್ತದೆ. ಒಂದು ಕಡೆ ಕೊಟ್ಟ ಒತ್ತಡ ದ್ರವದಲ್ಲಿ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮ ಇಲ್ಲಿ ದುಡಿಯುತ್ತದೆ. 100 ಚದರ ಸೆಂಟಿಮೀಟರ್ ವಿಸ್ತೀರ್ಣದ ಪಿಸ್ಟನ್ನಿನ ಮೇಲೆ 10 ವಾಯುಮಂಡಲ ಬಿದ್ದರೆ, ಅದರ ಹಿಂದೆ ಒಂದು ಟನ್ ಭಾರ ಇಟ್ಟಷ್ಟು ಬಲ. ಆ ಬಲವು ಕ್ಲಚ್ಚಿನ ತಟ್ಟೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಯಾವ ಕ್ಲಚ್ ಹಿಡಿಯಿತು ಎಂಬುದರ ಮೇಲೆ ಯಾವ ಗೇರು ಎಂಬುದು ನಿರ್ಧಾರವಾಗುತ್ತದೆ.

ಹಾಗಾದರೆ ಯಾವಾಗ ಹಿಡಿಯಬೇಕೆಂದು ಹೇಳುವವರು ಯಾರು? ಅದು ತಕ್ಕಡಿಯ ನ್ಯಾಯ. ಗೇರು ಬದಲಿಸುವ ಕವಾಟದ ಒಂದು ತುದಿಯನ್ನು, ಕಾರಿನ ವೇಗ ಹೆಚ್ಚಿದಂತೆ ಹೆಚ್ಚುವ ಒತ್ತಡ ತಳ್ಳುತ್ತದೆ. ಇದನ್ನು ಕಳಿಸುವುದು ಗವರ್ನರ್ ಎಂಬ ಭಾಗ. ಅದರಲ್ಲಿ ತಿರುಗುವ ತೂಕಗಳಿವೆ. ಇನ್ನೊಂದು ತುದಿಯನ್ನು ಸ್ಪ್ರಿಂಗ್ ಮತ್ತು ಎಂಜಿನ್ ಎಷ್ಟು ಹೊರೆ ಹೊತ್ತಿದೆ ಎಂಬುದನ್ನು ತಿಳಿಸುವ ಒತ್ತಡ ತಳ್ಳುತ್ತವೆ. ವೇಗದ ತಟ್ಟೆ ಭಾರವಾದ ಕೂಡಲೇ ಕವಾಟ ಸರಿಯುತ್ತದೆ, ಎಣ್ಣೆ ಮುಂದಿನ ಕ್ಲಚ್ಚಿಗೆ ಹರಿಯುತ್ತದೆ. ನಿಧಾನವಾಗಿ ತುಳಿದಾಗ ಗೇರು ಬೇಗ ಬದಲಾಗುವುದು, ಜೋರಾಗಿ ತುಳಿದಾಗ ಎಂಜಿನ್ ಕಿರುಚುವವರೆಗೂ ಕಾಯುವುದು ಇದರಿಂದಲೇ. ಈ ಕವಾಟಗಳೆಲ್ಲ ಕೂಡಿರುವ ಲೋಹದ ತುಂಡಿಗೆ ‘ವಾಲ್ವ್ ಬಾಡಿ’ ಎಂದು ಹೆಸರು. ಅದರ ಮೈಮೇಲೆ ಇರುವೆ ಗೂಡಿನಂತೆ ಸುತ್ತಿಸುತ್ತಿ ಹೋಗುವ ಕಾಲುವೆಗಳಿವೆ.

ಮೆತ್ತಗೆ ಮಾಡುವ ಎರಡು ಉಪಾಯ

ಕವಾಟ ತೆರೆದೊಡನೆ ಎಣ್ಣೆ ನುಗ್ಗಿದರೆ ಕ್ಲಚ್ ಥಟ್ಟನೆ ಹಿಡಿದು ಕಾರು ಜರ್ಕು ಹೊಡೆಯುತ್ತದೆ. ಅದನ್ನು ತಪ್ಪಿಸಲು ವಿನ್ಯಾಸಕಾರರು ಎರಡು ಉಪಾಯ ಮಾಡಿದ್ದಾರೆ. ಮೊದಲನೆಯದು ತೂತು. ವಾಲ್ವ್ ಬಾಡಿಗೂ ಪೆಟ್ಟಿಗೆಗೂ ನಡುವೆ ತೆಳ್ಳನೆಯ ಉಕ್ಕಿನ ತಗಡೊಂದು ಇರುತ್ತದೆ. ಕ್ಲಚ್ಚಿಗೆ ಹೋಗುವ ಎಣ್ಣೆಯೆಲ್ಲ ಆ ತಗಡಿನಲ್ಲಿರುವ ಒಂದೆರಡು ಮಿಲಿಮೀಟರ್ ಅಗಲದ ತೂತಿನಿಂದಲೇ ತೂರಿ ಹೋಗಬೇಕು.

ಎರಡನೆಯದು ಅಕ್ಯುಮುಲೇಟರ್. ಇದು ಕ್ಲಚ್ಚಿನ ದಾರಿಯಲ್ಲೇ ಕವಲೊಡೆದಿರುವ ಒಂದು ಸಿಲಿಂಡರ್; ಒಳಗೆ ಪಿಸ್ಟನ್ ಮತ್ತು ಸ್ಪ್ರಿಂಗ್. ನಲ್ಲಿಯ ಕೆಳಗೆ ಕೊಡ ಇಟ್ಟು, ಅದೇ ನೀರಿನಲ್ಲಿ ಪಕ್ಕದ ಹಂಡೆಗೂ ಪಾಲು ಕೊಟ್ಟರೆ ಕೊಡ ತುಂಬುವುದು ತಡವಾಗುತ್ತದಲ್ಲವೆ? ಹಾಗೆಯೇ ಇಲ್ಲಿ ಎಣ್ಣೆಯ ಒಂದು ಪಾಲು ಸ್ಪ್ರಿಂಗನ್ನು ಅದುಮುವುದರಲ್ಲಿ ಕಳೆಯುತ್ತದೆ. ಅಷ್ಟು ಹೊತ್ತು ಕ್ಲಚ್ಚಿನ ಮೇಲಿನ ಒತ್ತಡ ಮೆಲ್ಲಮೆಲ್ಲಗೆ ಏರುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಪರಿಚಿತ ಚಿತ್ರವೇ. ತೂತಿನ ಜಾಗದಲ್ಲಿ ರೋಧಕವನ್ನೂ ಅಕ್ಯುಮುಲೇಟರಿನ ಜಾಗದಲ್ಲಿ ಕೆಪಾಸಿಟರನ್ನೂ ಇಟ್ಟರೆ, ರೋಧಕದ ಮೂಲಕ ನಿಧಾನವಾಗಿ ಚಾರ್ಜ್ ಆಗುವ ವಿದ್ಯುನ್ಮಂಡಲವೇ ಕಾಣುತ್ತದೆ.

ಶಿಫ್ಟ್ ಕಿಟ್ಟಿನ ಗುಟ್ಟೂ ಇಲ್ಲೇ ಇದೆ. ರೋಧಕವನ್ನು ಕಡಿಮೆ ಮಾಡು, ಕೆಪಾಸಿಟರನ್ನು ಕಿರಿದು ಮಾಡು ಅಥವಾ ಬ್ಯಾಟರಿಯ ವೋಲ್ಟೇಜ್ ಏರಿಸು. ಅಂದರೆ ತಗಡಿನ ತೂತನ್ನು ದೊಡ್ಡದಾಗಿ ಕೊರೆ, ಅಕ್ಯುಮುಲೇಟರಿಗೆ ಬಿಗಿಯಾದ ಸ್ಪ್ರಿಂಗ್ ಹಾಕು ಅಥವಾ ಒತ್ತಡ ನಿಯಂತ್ರಿಸುವ ಕವಾಟದ ಸ್ಪ್ರಿಂಗನ್ನು ಬದಲಿಸಿ ಎಣ್ಣೆಯ ಒತ್ತಡವನ್ನೇ ಹೆಚ್ಚಿಸು.

ಇವುಗಳಲ್ಲಿ ಅತಿ ಚುರುಕಾದದ್ದು ಡ್ರಿಲ್. ತೂತಿನಿಂದ ಹರಿಯುವ ದ್ರವದ ಪ್ರಮಾಣವು ತೂತಿನ ವಿಸ್ತೀರ್ಣಕ್ಕೆ, ಅಂದರೆ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 2 ಮಿಲಿಮೀಟರಿನ ತೂತನ್ನು ಎರಡೂವರೆ ಮಿಲಿಮೀಟರಿಗೆ ಹಿಗ್ಗಿಸಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಹರಿವು 4ಕ್ಕೆ 6.25ರಷ್ಟು, ಅಂದರೆ ಶೇ. 56ರಷ್ಟು ಹೆಚ್ಚುತ್ತದೆ. ಒತ್ತಡದ ಲೆಕ್ಕ ಬೇರೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಅಷ್ಟೇ ಹೆಚ್ಚಳವನ್ನು ಒತ್ತಡದಿಂದಲೇ ಪಡೆಯಬೇಕಾದರೆ ಅದನ್ನು ಸುಮಾರು ಎರಡೂವರೆ ಪಟ್ಟು ಮಾಡಬೇಕಾಗುತ್ತದೆ. ಪಂಪಿಗೂ ಸೀಲುಗಳಿಗೂ ಅದನ್ನು ತಾಳುವ ಶಕ್ತಿ ಇರಬೇಡವೆ? ಅದಕ್ಕೇ ಸೂಚನೆಯ ಹಾಳೆಗಳು ತೂತಿನ ಅಳತೆಯನ್ನು ಅಷ್ಟು ಖಚಿತವಾಗಿ ಹೇಳುತ್ತಿದ್ದದ್ದು.

ಕಾಸು ಕಡಿಮೆಯಿದ್ದವರಿಗೆ ಡ್ರಿಲ್ಲೂ ಬೇಡದ ಇನ್ನೊಂದು ದಾರಿಯಿತ್ತು: ಬೇರೆ ಎಣ್ಣೆ ಸುರಿಯುವುದು. ಜನರಲ್ ಮೋಟರ್ಸ್‌ನ ಪೆಟ್ಟಿಗೆಗಳ ಎಣ್ಣೆಯಲ್ಲಿ ಘರ್ಷಣೆಯನ್ನು ಹದಗೊಳಿಸುವ ಪದಾರ್ಥಗಳನ್ನು ಬೆರೆಸಿರುತ್ತಿದ್ದರು. ತಟ್ಟೆಗಳು ಜಾರುವುದನ್ನು ನಿಲ್ಲಿಸುವ ಕೊನೆಯ ಗಳಿಗೆಯಲ್ಲಿ ಘರ್ಷಣೆ ತಗ್ಗುವಂತೆ ಮಾಡುವುದು ಅವುಗಳ ಕೆಲಸ. ಫೋರ್ಡ್ ಕಂಪನಿಯ ‘ಟೈಪ್ ಎಫ್’ ಎಣ್ಣೆಯಲ್ಲಿ ಅವು ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಅದು ಗಪ್ಪನೆ ಹಿಡಿಯುತ್ತಿತ್ತು. ಹಾಗಾಗಿ ಷೆವರ್ಲೆ ಕಾರಿಗೆ ಫೋರ್ಡಿನ ಎಣ್ಣೆ ಹೊಯ್ಯುವ ಉಪಾಯ ತರುಣರ ನಡುವೆ ಬಾಯಿಂದ ಬಾಯಿಗೆ ಹಬ್ಬಿತು. ಇದರ ಹಿಂದೆ ಇನ್ನೊಂದು ಕಥೆಯೂ ಇದೆ. ಎಣ್ಣೆಯನ್ನು ಹದಗೊಳಿಸಲು ಆಗ ಬಳಸುತ್ತಿದ್ದ ಪದಾರ್ಥಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯೂ ಒಂದು. ಅಳಿವಿನ ಅಂಚಿಗೆ ಬಂದ ಆ ಪ್ರಾಣಿಯನ್ನು ಉಳಿಸಲು 1970ರ ದಶಕದ ಆರಂಭದಲ್ಲಿ ಅಮೆರಿಕ ಅದರ ಎಣ್ಣೆಯನ್ನು ನಿಷೇಧಿಸಿತು. ಕಾರಿನ ಸುಖಕ್ಕೆ ಕಡಲಿನ ಜೀವಿ ಬಲಿಯಾಗುವುದು ತಪ್ಪಿತು, ರಸಾಯನವಿಜ್ಞಾನಿಗಳು ಬದಲಿ ಪದಾರ್ಥ ಹುಡುಕಬೇಕಾಯಿತು.

ಲೆಕ್ಕ ಏನು ಹೇಳುತ್ತದೆ?

ಗೇರು ಬೇಗ ಬದಲಾದರೆ ಲಾಭವೇ, ನಷ್ಟವೇ? ಇದಕ್ಕೆ ಇಬ್ಬರ ಬಳಿ ಎರಡು ಉತ್ತರಗಳಿದ್ದವು. ‘ಜಾರುವ ಹೊತ್ತು ಕಡಿಮೆಯಾದರೆ ತಟ್ಟೆ ಸವೆಯುವುದೂ ಕಡಿಮೆ’ ಎಂದು ಕಿಟ್ ಹಾಕಿದವರ ವಾದ. ‘ಏಟು ಜೋರಾದರೆ ಬೇರೆ ಭಾಗ ಮುರಿಯುತ್ತದೆ’ ಎಂದು ಹಾಕದವರ ವಾದ. ಲೆಕ್ಕ ಮಾಡಿದರೆ ಇಬ್ಬರೂ ಸರಿ!

ಲೆಕ್ಕಕ್ಕೆಂದು ಒಂದು ಎಂಜಿನ್ ಇಟ್ಟುಕೊಳ್ಳಿ. ಅದು ಕೊಡುವ ತಿರುಗುಬಲ, ಅಂದರೆ ಟಾರ್ಕ್, 300 ನ್ಯೂಟನ್-ಮೀಟರ್. ಅದರ ತಿರುಗುವ ಭಾಗಗಳ ಜಡತ್ವ ಭ್ರಾಮಕ 0.25 ಕಿಲೋಗ್ರಾಂ-ಚದರ ಮೀಟರ್. ನಿಮಿಷಕ್ಕೆ 4500 ಸುತ್ತು ತಿರುಗುತ್ತಿರುವಾಗ ಒಂದರಿಂದ ಎರಡನೆಯ ಗೇರಿಗೆ ಹೋಗಬೇಕು. ‘350’ರಲ್ಲಿ ಮೊದಲ ಗೇರಿನ ಅನುಪಾತ 2.52, ಎರಡನೆಯದು 1.52. ಕಾರಿನ ವೇಗ ಆ ಕ್ಷಣದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲವಾದ್ದರಿಂದ ಎಂಜಿನ್ನೇ 4500ರಿಂದ ಸುಮಾರು 2700 ಸುತ್ತಿಗೆ ಇಳಿಯಬೇಕು. ಕೋನೀಯ ವೇಗದಲ್ಲಿ ಇದು ಸೆಕೆಂಡಿಗೆ 187 ರೇಡಿಯನ್‌ಗಳ ಇಳಿಕೆ. ಟಾರ್ಕ್ ಕನ್ವರ್ಟರಿನ ಪ್ರಭಾವವನ್ನು ಸದ್ಯಕ್ಕೆ ಬದಿಗಿಡಿ.

ಈ ಇಳಿಕೆಗೆ 0.6 ಸೆಕೆಂಡ್ ತಗಲಿದರೆ, ಕ್ಲಚ್ಚಿನ ತಟ್ಟೆಗಳ ನಡುವೆ ಹುಟ್ಟುವ ಶಾಖ ಸುಮಾರು 21 ಕಿಲೋಜೂಲ್. ಒಂದು ಲೀಟರ್ ನೀರನ್ನು 5 ಡಿಗ್ರಿ ಬಿಸಿ ಮಾಡುವಷ್ಟು! 0.3 ಸೆಕೆಂಡಿನಲ್ಲಿ ಮುಗಿಸಿದರೆ ಅದು 13 ಕಿಲೋಜೂಲಿಗೆ ಇಳಿಯುತ್ತದೆ; 0.1 ಸೆಕೆಂಡಿನಲ್ಲಾದರೆ 7ಕ್ಕೆ. ಇದು ಮೊದಲನೆಯ ವಾದಕ್ಕೆ ಸಿಕ್ಕ ಅಂಕ. ಶಾಖ ಕಡಿಮೆಯಾದಷ್ಟೂ ಎಣ್ಣೆಗೆ ಆಯುಸ್ಸು ಹೆಚ್ಚು. ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೆ ಎಣ್ಣೆಯ ಆಯುಸ್ಸು ಅರ್ಧವಾಗುತ್ತದೆ ಎಂಬುದು ಮೆಕ್ಯಾನಿಕ್ಕುಗಳಲ್ಲಿ ಚಾಲ್ತಿಯಲ್ಲಿರುವ ಒರಟು ಅಂದಾಜು. 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂದು ರಸಾಯನವಿಜ್ಞಾನದ ತರಗತಿಯಲ್ಲಿ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈಗ ಎರಡನೆಯ ವಾದ. ಗಿರಗಿರನೆ ತಿರುಗುತ್ತಿರುವ ಎಂಜಿನ್ನಿನ ವೇಗ ತಗ್ಗಬೇಕಾದರೆ ಅದು ತನ್ನಲ್ಲಿರುವ ಚಲನೆಯನ್ನು ಮುಂದಕ್ಕೆ ದಾಟಿಸಬೇಕು. 0.6 ಸೆಕೆಂಡಿನಲ್ಲಿ ದಾಟಿಸುವಾಗ ಅದರಿಂದ ಬರುವ ಹೆಚ್ಚುವರಿ ಟಾರ್ಕ್ 78 ನ್ಯೂಟನ್-ಮೀಟರ್. 0.3 ಸೆಕೆಂಡಿಗೆ ಅದು 156. 0.1 ಸೆಕೆಂಡಿಗೆ 468! ಎಂಜಿನ್ನಿನ ಸ್ವಂತ 300ನ್ನೂ ಕೂಡಿಸಿದರೆ, ಗೇರು ಪೆಟ್ಟಿಗೆಯ ಮೇಲೆ ಕ್ರಮವಾಗಿ 378, 456 ಮತ್ತು 768 ನ್ಯೂಟನ್-ಮೀಟರ್ ಬೀಳುತ್ತದೆ. ಅಂದರೆ ಹತ್ತನೇ ಒಂದು ಸೆಕೆಂಡಿನ ಚುರುಕು ಬದಲಾವಣೆಯಲ್ಲಿ, ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚದಿದ್ದರೂ, ಎಂಜಿನ್ ಎರಡೂವರೆ ಪಟ್ಟು ದೊಡ್ಡದಾದಂತೆ ಪೆಟ್ಟಿಗೆಗೆ ಭಾಸವಾಗುತ್ತದೆ.

ಎರಡೂ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 0.6ರಿಂದ 0.3ಕ್ಕೆ ಬಂದಾಗ ಶಾಖದಲ್ಲಿ ಉಳಿತಾಯ 8 ಕಿಲೋಜೂಲ್, ಟಾರ್ಕಿನಲ್ಲಿ ತೆತ್ತದ್ದು 78. ಅಲ್ಲಿಂದ 0.1ಕ್ಕೆ ಹೋದರೆ ಉಳಿತಾಯ 6 ಕಿಲೋಜೂಲ್ ಮಾತ್ರ, ತೆತ್ತದ್ದು 312. ಮೊದಲ ಹೆಜ್ಜೆ ಲಾಭದ ವ್ಯಾಪಾರ, ಎರಡನೆಯದು ದಿವಾಳಿ. ಹೊರೆ ಎಳೆಯುವ ವಾಹನಕ್ಕೆ ಗೇರು ಸ್ವಲ್ಪ ಬಿಗಿಯಾಗಿ ಬೀಳುವುದು ಒಳ್ಳೆಯದು ಎಂದು ಅನುಭವಸ್ಥರು ಹೇಳುತ್ತಿದ್ದುದಕ್ಕೂ, ಕಾಲು ಮೈಲಿಯ ಪಂದ್ಯಗಳಿಗೆ ಸಜ್ಜಾಗುವವರು ಪೆಟ್ಟಿಗೆಯ ಜೊತೆಗೆ ಹಿಂದಿನ ಅಚ್ಚನ್ನೂ ಬಲಪಡಿಸುತ್ತಿದ್ದುದಕ್ಕೂ ಕಾರಣ ಈ ಅಂಕಿಗಳಲ್ಲೇ ಇದೆ.

ಏಟು ಎಲ್ಲಿಗೆ?

ಪೆಟ್ಟಿಗೆಯಿಂದ ಹೊರಟ ಏಟು ಅಲ್ಲಿಗೇ ನಿಲ್ಲುವುದಿಲ್ಲ. ಯೂನಿವರ್ಸಲ್ ಜಾಯಿಂಟ್, ಡಿಫರೆನ್ಷಿಯಲ್, ಅಚ್ಚು, ಕೊನೆಗೆ ಟಯರು ಎಲ್ಲವೂ ಅದನ್ನು ಉಣ್ಣಬೇಕು. ಇವುಗಳಲ್ಲಿ ಯಾವುದು ದುರ್ಬಲವೋ ಅದು ಮೊದಲು ಸೋಲುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಟಯರು ಕಚ್ಚಿ ಹಿಡಿದಿರುತ್ತದೆ. ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ, ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ, ಗೇರು ‘ಟಕ್’ ಎಂದು ಬಿದ್ದರೆ? ಟಯರಿನ ಹಿಡಿತ ತಪ್ಪಬಹುದು, ಕಾರಿನ ಹಿಂಭಾಗ ಪಕ್ಕಕ್ಕೆ ಜಾರಬಹುದು. ಚಾಲಕ ಆಗ ಆಕ್ಸಿಲರೇಟರನ್ನು ಹೆಚ್ಚಾಗಿ ತುಳಿದೇ ಇರುವುದಿಲ್ಲ. ಏನಾಯಿತೆಂದು ತಿಳಿಯುವುದರೊಳಗೆ ಆಗಿಹೋಗಿರುತ್ತದೆ.

ಕೆಲಸ ಮಾಡುವ ಜಾಗದಲ್ಲೂ ಅಪಾಯವಿತ್ತು. ಮನೆಯ ಗ್ಯಾರೇಜಿನಲ್ಲಿ ಕಾರನ್ನು ಎತ್ತಿ, ಅಡಿಯಲ್ಲಿ ಮಲಗಿ, ಎಣ್ಣೆಯ ತಟ್ಟೆಯ 13 ಬೋಲ್ಟುಗಳನ್ನು ಬಿಚ್ಚಬೇಕು. ಬರಿಯ ಜಾಕನ್ನು ನಂಬಿ ಕಾರಿನಡಿಗೆ ಹೋಗುವುದು ಸಾವಿಗೆ ಆಹ್ವಾನ. ಜಾಕ್ ಇರುವುದು ಎತ್ತಲಿಕ್ಕೆ. ಹೊತ್ತು ನಿಲ್ಲಲು ಗಟ್ಟಿಯಾದ ಸ್ಟ್ಯಾಂಡುಗಳೇ ಬೇಕು. ಕಾರು ಈಗಷ್ಟೇ ಓಡಿ ಬಂದಿದ್ದರೆ ಮೈಮೇಲೆ ಸುರಿಯುವ ಎಣ್ಣೆ ಚರ್ಮ ಸುಡುತ್ತದೆ. ವಾಲ್ವ್ ಬಾಡಿ ಇಳಿಸುವಾಗ ಕಾಲುವೆಗಳಲ್ಲಿರುವ ಪುಟ್ಟ ಉಕ್ಕಿನ ಗುಂಡುಗಳು ಉದುರಿಬಿಡುತ್ತವೆ; ಒಂದು ಗುಂಡು ತನ್ನ ಜಾಗಕ್ಕೆ ಮರಳದಿದ್ದರೆ ಕಾರಿನ ವರ್ತನೆಯೇ ಕೆಡುತ್ತದೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ಲೋಹ ತುಸುವೇ ಬಾಗಿ ಕವಾಟ ಸಿಕ್ಕಿಕೊಳ್ಳುತ್ತದೆ. ಕೊರೆದ ತಗಡಿನ ಒಂದು ಚೂರು ಎಣ್ಣೆಯಲ್ಲಿ ಉಳಿದರೂ ಅಷ್ಟೇ. ಸ್ಪ್ರಿಂಗು ಸರಿಬೀಳದಿದ್ದರೆ ಹಳೆಯದನ್ನು ಮತ್ತೆ ಹಾಕಬಹುದು. ತೂತು ದೊಡ್ಡದಾದರೆ ತಗಡನ್ನೇ ಬದಲಿಸಬೇಕು. ಆದ್ದರಿಂದಲೇ ಬಲ್ಲವರು ಮೊದಲು ಸ್ಪ್ರಿಂಗ್ ಬದಲಿಸಿ ನೋಡುತ್ತಿದ್ದರು. ಕೊರೆಯಲೇಬೇಕಾದರೆ ಬಿಟ್ಟಿನ ಅಳತೆಯನ್ನು ಒಂದೊಂದೇ ಹೆಜ್ಜೆ ಏರಿಸುತ್ತಿದ್ದರು.

ಇಂದಿನ ಪೆಟ್ಟಿಗೆಗಳು

1990ರ ದಶಕದಿಂದೀಚೆಗೆ ಎಣ್ಣೆಯ ಯಜಮಾನಿಕೆ ಕಂಪ್ಯೂಟರಿನ ಕೈಗೆ ಹೋಯಿತು. ಒತ್ತಡ ಎಷ್ಟಿರಬೇಕೆಂದು ಅದು ವಿದ್ಯುತ್ ಕವಾಟಗಳಿಗೆ ಹೇಳುತ್ತದೆ. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಟಾರ್ಕನ್ನೇ ಚಣಕಾಲ ತಗ್ಗಿಸುತ್ತದೆ. ಮೇಲಿನ ಲೆಕ್ಕದ 300ನ್ನು ಆ ಕ್ಷಣಕ್ಕೆ 200 ಮಾಡಿದರೆ ಶಾಖವೂ ಕಡಿಮೆ, ಏಟೂ ಕಡಿಮೆ. ಡ್ರಿಲ್ ಹಿಡಿದವನ ಕೈಗೆ ಎಂದೂ ಎಟುಕದಿದ್ದ ಉಪಾಯ ಇದು. 2003ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಗಾಲ್ಫ್ ಕಾರಿನಲ್ಲಿ ಎರಡು ಕ್ಲಚ್ಚುಗಳ ಪೆಟ್ಟಿಗೆ ತಂದಿತು. ಒಂದು ಗೇರು ಓಡುತ್ತಿರುವಾಗಲೇ ಇನ್ನೊಂದು ಕ್ಲಚ್ಚಿನ ಮೇಲೆ ಮುಂದಿನ ಗೇರು ಸಿದ್ಧವಾಗಿ ಕಾಯುತ್ತಿರುತ್ತದೆ.

ನಮ್ಮ ದೇಶದಲ್ಲಿ ಬಹುಕಾಲ ಇಂಥ ಕಾರುಗಳು ಅಪರೂಪವಾಗಿದ್ದವು. 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಬಂದ ಮೇಲೆ ಎಡಗಾಲಿಗೆ ಬಿಡುವು ಕೊಡುವ ಕಾರು ಮಧ್ಯಮ ವರ್ಗದ ಮನೆಗಳಿಗೂ ಬಂತು. ಆದರೆ ಅದರ ‘ಎಎಂಟಿ’ ಪೆಟ್ಟಿಗೆಯ ಜಾತಿ ಬೇರೆ. ಅದು ಮಾಮೂಲಿ ಗೇರು ಪೆಟ್ಟಿಗೆಯೇ; ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಕಾಲು ಮತ್ತು ಕೈಗಳ ಬದಲು ಯಂತ್ರ ಮಾಡುತ್ತದೆ. ಬದಲಾವಣೆಯ ಹೊತ್ತಿನಲ್ಲಿ ಚಕ್ರಕ್ಕೆ ಶಕ್ತಿ ಹೋಗುವುದು ನಿಂತುಬಿಡುವುದರಿಂದ ಕುಳಿತವರ ತಲೆ ಮುಂದಕ್ಕೆ ತೂಗಿದಂತಾಗುತ್ತದೆ. ಅದನ್ನು ತಪ್ಪಿಸಲು ಏನನ್ನೂ ಕೊರೆಯಬೇಕಿಲ್ಲ. ಗೇರು ಬದಲಾಗುವ ಸಮಯಕ್ಕೆ ಸರಿಯಾಗಿ ಆಕ್ಸಿಲರೇಟರಿನ ಮೇಲಿನ ಕಾಲನ್ನು ತುಸು ಸಡಿಲಿಸಿದರೆ ಸಾಕು. ಕಂಪ್ಯೂಟರ್ ಎಂಜಿನ್ನಿನ ಟಾರ್ಕ್ ತಗ್ಗಿಸುತ್ತದೆ ಎಂದೆವಲ್ಲ, ಅದೇ ಕೆಲಸವನ್ನು ಇಲ್ಲಿ ಚಾಲಕನ ಪಾದ ಮಾಡುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಶಿಫ್ಟ್ ಕಿಟ್ಟಿನ ವಿಜ್ಞಾನ ಅರಿಯಲು ಕಾರು ಬೇಕಿಲ್ಲ. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಾಟಲಿಗಳು ಸಾಕು. ತಳದಿಂದ ಮೂರು ಸೆಂಟಿಮೀಟರ್ ಮೇಲೆ ಒಂದಕ್ಕೆ 2 ಮಿಲಿಮೀಟರಿನ, ಇನ್ನೊಂದಕ್ಕೆ 4 ಮಿಲಿಮೀಟರಿನ ತೂತು ಮಾಡಿ. ಕಾಯಿಸಿದ ಮೊಳೆಯಿಂದ ತೂತು ಮಾಡುವ ಕೆಲಸ ಅಪ್ಪ ಅಮ್ಮಂದಿರದು. ಎರಡೂ ಬಾಟಲಿಗಳ ಮೇಲೆ ಒಂದೇ ಎತ್ತರದಲ್ಲಿ ಎರಡೆರಡು ಗೆರೆ ಎಳೆಯಿರಿ. ತೂತನ್ನು ಬೆರಳಿನಿಂದ ಮುಚ್ಚಿ ಮೇಲಿನ ಗೆರೆಗಿಂತ ಸ್ವಲ್ಪ ಹೆಚ್ಚಿಗೆ ನೀರು ತುಂಬಿ. ಮುಚ್ಚಳ ತೆರೆದಿರಲಿ. ಬೆರಳು ತೆಗೆದು, ನೀರು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ಹಿಡಿದು ನೋಡಿ. ಅಗಲ ತೂತಿನ ಬಾಟಲಿಗೆ ಬೇಕಾದ ಸಮಯ ಅರ್ಧವಲ್ಲ, ಹೆಚ್ಚುಕಡಿಮೆ ಕಾಲು ಭಾಗ ಎಂಬುದು ಕಂಡುಬರುತ್ತದೆ.

ನೀರಿನ ಮಟ್ಟ ಇಳಿದಂತೆ ಧಾರೆ ಹತ್ತಿರ ಹತ್ತಿರ ಬೀಳುವುದನ್ನೂ ಗಮನಿಸಿ. ತೂತಿನಿಂದ 16 ಸೆಂಟಿಮೀಟರ್ ಮೇಲೆ ನೀರಿದ್ದಾಗ ಧಾರೆಯ ವೇಗ ಎಷ್ಟಿತ್ತೋ, 4 ಸೆಂಟಿಮೀಟರಿಗೆ ಇಳಿದಾಗ ಅದರ ಅರ್ಧ ಇರುತ್ತದೆ. ಒತ್ತಡ ಕಾಲು ಭಾಗವಾದರೂ ವೇಗ ಇಳಿದದ್ದು ಅರ್ಧಕ್ಕೆ ಮಾತ್ರ. ಇಟಲಿಯ ಟಾರಿಚೆಲ್ಲಿ 17ನೆಯ ಶತಮಾನದಲ್ಲೇ ಕಂಡುಕೊಂಡ ನಿಯಮವಿದು. ಎರಡು ಬಾಟಲಿಗಳ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, 3 ಮಿಲಿಮೀಟರಿನ ತೂತಿಗೆ ಎಷ್ಟು ಸಮಯ ಬೇಕಾದೀತು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಮೂರನೆಯ ಬಾಟಲಿಗೆ ಮೊಳೆ ಕಾಯಿಸಿ.